ದೇಜಪ್ಪ ವಕೀಲರ ನೋಟ್ಸು

ಶುಕ್ರವಾರ ಬೆಳಿಗ್ಗೆ ಎದ್ದಾಗಿನಿಂದ ಯಜ್ಞೇಶನಿಗೆ ತಾನು ಇವತ್ತು ದೋಹಾದಿಂದ ಅಲ್ ಖೋರಿಗೆ ಹೋಗಲಾರೆ ಎಂದೇ ಅನಿಸುತ್ತಿತ್ತು. ಹೋಗದಿರಲು ಕಾರಣಗಳು ಬೇಕಾದಷ್ಟಿದ್ದವು. ಕಾರಿನ ಏಸಿ ಎರಡು ದಿನದಿಂದ ಕೈಕೊಟ್ಟಿತ್ತು. ಹೆಂಡತಿ ಗ್ರೀಷ್ಮಾಳಿಗೆ ತಲೆನೋವು. ಮಗಳು ಮೋಕ್ಷಾಳಿಗೆ ಭಾನುವಾರ ಪರೀಕ್ಷೆ. ಇವುಗಳಲ್ಲಿ ಒಂದನ್ನು ಆರಿಸಿ ಅಲ್ಲಿರುವ ಊರಿನ ಗೆಳೆಯ ಜಾಬಿರನಿಗೆ ಫೋನು ಮಾಡಿದರೆ ಮುಗಿಯಿತು. ಜಾಬಿರ್ ಒಳ್ಳೆಯವನು, ನಂಬುತ್ತಾನೆ. ನಂಬುತ್ತಾನೆ ಎನ್ನುವುದೇ ತೊಡಕಾಗಿತ್ತು. ಯಜ್ಞೇಶ ಗಡ್ಡ ಹೆರೆದುಕೊಂಡ, ನಿನ್ನೆ ಇಸ್ತ್ರಿ ಮಾಡಿಟ್ಟ ಶರ್ಟಿಗೆ ಮತ್ತೊಮ್ಮೆ ಇಸ್ತ್ರಿ ಹಾಕಿದ, ಕಿಟಕಿಯ ಬಳಿ ನಿಂತು ತಮ್ಮ ಬಡಾವಣೆ ಅಲ್ ಸದ್ದ್‌ನ ಖಾಲಿ ರಸ್ತೆಯನ್ನು ನೋಡಿದ. ಊಟದ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ದಪ್ಪ ನೋಟುಬುಕ್ಕು. ಇನ್ನೊಂದು, ಆ ಪುಸ್ತಕದ ನಲವತ್ತು ಪುಟಗಳ ಜೆರಾಕ್ಸ್ ಪ್ರತಿ ಇದ್ದ ಪ್ಲಾಸ್ಟಿಕ್ ಫೈಲು. ಜೆರಾಕ್ಸ್ ಮಾಡಿದ್ದು ನಿನ್ನೆ ಆಫೀಸಿನಲ್ಲಿ, ಎಲ್ಲರೂ ಹೋದ ಮೇಲೆ. ಪ್ರತಿಯೊಂದು ಪುಟದ ಎಡ ಅಂಚಿನ ಮೇಲೆ ಒಂದು ಬಿಳಿ ಕಾಗದದ ಪಟ್ಟಿಯನ್ನಿಟ್ಟು ಗಾಜಿನ ಮೇಲೆ ಮಗುಚಿದ್ದ. ನಲವತ್ತು ಸಲ ಪಟ್ಟಿಯನ್ನು ಸರಿಪಡಿಸುವಾಗ ಕೈಬೆರಳುಗಳು ತನ್ನವಲ್ಲವೆಂಬಂತೆ ಚುರುಕಾಗಿದ್ದವು.

“ಪುಸ್ತಕವನ್ನೇ ತೆಗೊಂಡು ಹೋದ್ರೆ ಆಗುದಿಲ್ವಾ? ಪಾಪ, ಜಾಬಿರನ ತಾಯಿ, ವಯಸ್ಸಾದವರು ನೋಡ್ಲಿಕ್ಕೆ ಕೇಳಿದ್ದು,” ಎಂದಳು ಗ್ರೀಷ್ಮಾ, ಹಣೆಗೆ ಬಾಮ್ ತಿಕ್ಕುತ್ತ.

“ಹಳೇ ಕಾಗದ. ಮುಟ್ಟಿದ್ರೆ ಹರಿಯುತ್ತದೆ.”

“ಸಂಘದ ವಾರ್ಷಿಕೋತ್ಸವಕ್ಕೆ ತೆಗೊಂಡು ಹೋಗುವಾಗ ಹರಿಯಲಿಲ್ಲ.”

ಅವನು ಪುಸ್ತಕವನ್ನೂ ಫೈಲನ್ನೂ ಒಂದೇ ಚೀಲಕ್ಕೆ ಹಾಕಿಕೊಂಡ. ಎರಡನ್ನೂ ಯಾಕೆ ಹಾಕಿಕೊಂಡನೆಂದು ಅವನಿಗೇ ತಿಳಿಯಲಿಲ್ಲ.

ಅದು ಅಜ್ಜ ದೇಜಪ್ಪ ವಕೀಲರ ನೋಟ್ಸು. ಸಾವಿರದ ಒಂಬೈನೂರ ಹನ್ನೊಂದು, ಹನ್ನೆರಡರಲ್ಲಿ ಮದರಾಸಿನ ಲಾ ಕಾಲೇಜಿನಲ್ಲಿ ಕೇಳಿದ ಪಾಠಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟದ್ದು. ಕರಾರು ಕಾನೂನು, ಆಸ್ತಿ ಕಾನೂನು, ಎಲ್ಲಕ್ಕಿಂತ ಹೆಚ್ಚು ಪುಟಗಳು ಸಾಕ್ಷ್ಯದ ಕಾನೂನಿಗೆ. ಉಬ್ಬಿದ, ಬಲಕ್ಕೆ ವಾಲಿದ, ಅವಸರವಿಲ್ಲದ ಅಕ್ಷರ. ಯಜ್ಞೇಶನ ಅಪ್ಪ ಮನೆಗೆ ಬಂದವರಿಗೆಲ್ಲ ಅದನ್ನು ತೆಗೆದು ತೋರಿಸುತ್ತಿದ್ದರು. ಕೈ ತೊಳೆದು ಬಂದ ಮೇಲೆಯೇ ಮುಟ್ಟಲು ಬಿಡುತ್ತಿದ್ದರು. ಹೊದಿಕೆಯ ಮೇಲಿನ ಚೀಟಿಯಲ್ಲಿ ‘ಬಿ. ದೇಜಪ್ಪ’ ಎಂದಿತ್ತು. ಆ ಚೀಟಿ ಸ್ವಲ್ಪ ಉಬ್ಬಿಕೊಂಡಿತ್ತು, ಅದರ ಕೆಳಗೆ ಇನ್ನೊಂದು ಚೀಟಿ ಇತ್ತು. ಯಾಕೆಂದು ಕೇಳಿದ ಹತ್ತು ವರ್ಷದ ಯಜ್ಞೇಶನಿಗೆ ಅಪ್ಪ, ಮೊದಲನೆಯದಕ್ಕೆ ಶಾಯಿ ಚೆಲ್ಲಿತ್ತು ಎಂದಿದ್ದರು. ಅಂಚಿನ ತುಂಬ ಇರುವೆ ಸಾಲಿನಂತೆ ಇದ್ದ ಗೀಟುಗಳು ಏನು ಎಂದು ಕೇಳಿದಾಗ, ಅದು ಶಾರ್ಟ್‌ಹ್ಯಾಂಡ್ ಎಂದಿದ್ದರು. ಹೇಳುವಾಗ ಅವರು ಮಗನ ಮುಖ ನೋಡಲಿಲ್ಲ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಜಮೀನಿನ ಕಾಗದಪತ್ರಗಳಲ್ಲಿದ್ದ ಅಜ್ಜನ ಕೈಬರಹ ಮೊನಚಾಗಿತ್ತು, ನೆಟ್ಟಗೆ ನಿಂತಿತ್ತು. ಎಳೆ ವಯಸ್ಸಿನಲ್ಲಿ ಅಕ್ಷರ ಬೇರೆ ಇರುತ್ತದೆ ಎಂದು ಯಜ್ಞೇಶ ತನಗೆ ತಾನೇ ಹೇಳಿಕೊಂಡು ಬೆಳೆದ. ಉಡುಪಿಯಲ್ಲಿ ಕಾನೂನು ಓದಲು ಸೇರಿ ಎರಡನೇ ವರ್ಷಕ್ಕೆ ಬಿಟ್ಟ. ಬಿಟ್ಟವನು ಗಲ್ಫಿಗೆ ಬಂದು ಕಂಟ್ರಾಕ್ಟಿಂಗ್ ಕಂಪೆನಿಯೊಂದರಲ್ಲಿ ವೀಸಾ, ಐಡಿಗಳ ಕಾಗದ ಜೋಡಿಸುವ ಕೆಲಸಕ್ಕೆ ಸೇರಿದ. ಆಫೀಸಿನಲ್ಲಿ ಯಾರಾದರೂ ಅವನ ಮೇಲೆ ರೇಗಿದ ದಿನ, ಮ್ಯಾನೇಜರ್ ಎಲ್ಲರೆದುರು ಫೈಲನ್ನು ಮೇಜಿನ ಮೇಲೆ ಒಗೆದ ದಿನ, ಅವನು ಮನೆಗೆ ಬಂದು ಆ ಬಟ್ಟೆಯನ್ನು ಬಿಚ್ಚುತ್ತಿದ್ದ. ತಾನು ಯಾರ ಮೊಮ್ಮಗ ಎಂಬುದು ಅದರೊಳಗೆ ಇತ್ತು.

ಆರು ತಿಂಗಳ ಹಿಂದೆ ಅಂಥದೇ ಒಂದು ಸಂಜೆ ಮೋಕ್ಷಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ್ದಳು. ಏಳನೇ ಕ್ಲಾಸು, ಶಾಲೆಯಲ್ಲಿ ಅರಬಿ ಕಲಿಯುತ್ತಿದ್ದಳು. “ಅಪ್ಪಾ, ದಿಸ್ ಈಸ್ ಅರಬಿಕ್,” ಎಂದಳು. ಅವನು ಶಾರ್ಟ್‌ಹ್ಯಾಂಡ್ ಎಂದ. “ನೋ ಅಪ್ಪಾ. ನೋಡು, ಮೀಮ್, ಹಾ, ಮೀಮ್, ವಾವ್, ದಾಲ್. ಮಹಮೂದ್. ಇಲ್ಲಿ ಕೂಡ ಉಂಟು, ಇಲ್ಲಿ ಕೂಡ.” ಬಾಕಿಯದ್ದು ಅವಳಿಗೆ ಓದಲು ಬಂದರೂ ಅರ್ಥವಾಗಲಿಲ್ಲ, ಅರಬಿ ಅಕ್ಷರ, ಆದರೆ ಭಾಷೆ ಬೇರೆ ಯಾವುದೋ. ಎಂಟು ವರ್ಷದಿಂದ ಅಂಗಡಿಗಳ ಬೋರ್ಡಿನಲ್ಲಿ, ಐಡಿ ಕಾರ್ಡುಗಳಲ್ಲಿ ದಿನಾ ಕಾಣುವ ಅಕ್ಷರಗಳು. ಅವನಿಗೂ ಹೆಸರುಗಳನ್ನು ಗುರುತಿಸುವಷ್ಟು ಬರುತ್ತಿತ್ತು. ಆದರೂ ಆ ಪುಟದಲ್ಲಿ ಅವು ಇರುವೆ ಸಾಲಾಗಿಯೇ ಉಳಿದಿದ್ದವಲ್ಲ. “ನಿನಗೆ ಗೊತ್ತಿಲ್ಲ. ಹೋಗಿ ಓದಿಕೋ,” ಎಂದು ಗದರಿದ. ಮಗಳು ಸುಮ್ಮನೆ ತಿರುಗಿ ಹೋದಳು. ಅಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿದ ಮಕ್ಕಳು ಜಗಳವಾಡುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ತಾನು ಕೂಡ ಆಡಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬದುಕಬಹುದಿತ್ತು. ಮೂರು ವಾರದ ಹಿಂದೆ ಕರಾವಳಿಯವರ ಸಂಘದ ವಾರ್ಷಿಕೋತ್ಸವದಲ್ಲಿ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ಅಂಚು ಖಾಲಿಯಿದ್ದ ಎರಡು ಪುಟಗಳನ್ನು ಅವನೇ ಹುಡುಕಿ ತೆರೆದಿಟ್ಟಿದ್ದ. ಅಧ್ಯಕ್ಷರು ಮೈಕಿನಲ್ಲಿ ‘ವಕೀಲರ ಮನೆತನ’ ಎಂದರು, ಚಪ್ಪಾಳೆ ಬಿತ್ತು. ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸದಲ್ಲಿದ್ದ ಜಾಬಿರ್ ಆಗ ಅವನ ಬಳಿ ಬಂದ. “ಯಜ್ಞೇಶಣ್ಣ, ನಮ್ಮ ಉಮ್ಮ ಊರಿಂದ ಬಂದಿದ್ದಾರೆ. ಅವರಿಗೊಮ್ಮೆ ಇದನ್ನು ತೋರಿಸ್ಬೇಕಿತ್ತು. ಅವರ ಅಜ್ಜ ಕೂಡ ಮದರಾಸಲ್ಲಿ ಲಾ ಓದಿದ್ದಂತೆ, ಇದೇ ಟೈಮಲ್ಲಿ. ನಿಜವಾ ಸುಳ್ಳಾ ನಮಗೂ ಗೊತ್ತಿಲ್ಲ. ಊರಲ್ಲಿ ಯಾರೂ ನಂಬ್ಲಿಲ್ಲ. ಮಹಮೂದ್ ಅಂತ ಹೆಸರು. ನಿಮ್ಮ ಅಜ್ಜನಿಗೆ ಗುರ್ತ ಇತ್ತಾ ಏನೋ.” ಯಜ್ಞೇಶ, “ಇರಬಹುದು, ಇರಬಹುದು,” ಎಂದ. ಆ ಎರಡು ಶಬ್ದ ಹೇಳುವಾಗ ತನ್ನ ಮುಖದಲ್ಲಿ ನಗು ಇತ್ತು ಎಂಬುದು ಈಗ, ದೋಹಾ ಬಿಟ್ಟು ಉತ್ತರಕ್ಕೆ ಹೋಗುವ ರಸ್ತೆಯಲ್ಲಿ, ಕಿಟಕಿಯಿಂದ ನುಗ್ಗುವ ಬಿಸಿಗಾಳಿಯಲ್ಲಿ ಅವನಿಗೆ ನೆನಪಾಗಿ ಮೈ ಮುದುಡಿತು. ಎರಡೂ ಬದಿ ಮಾಸಲು ಮರಳು. ಪೈಪು ಹೊತ್ತ ಲಾರಿಗಳು ಒಂದರ ಹಿಂದೊಂದು. ಜಾಬಿರನ ಉಮ್ಮ ನಾಡಿದ್ದು ಊರಿಗೆ ಹಾರುತ್ತಾರೆ. ಎರಡು ದಿನ ಹೇಗಾದರೂ ಕಳೆದರೆ ಸಾಕಿತ್ತು. ಅಂಚಿಲ್ಲದ ನಲವತ್ತು ಹಾಳೆ ತೋರಿಸುವುದು, ಚಹಾ ಕುಡಿಯುವುದು, ಬರುವುದು. ಅದರಲ್ಲಿ ಸುಳ್ಳು ಒಂದೂ ಇಲ್ಲ. ಯಾರೂ ಕೇಳದೆ ಇದ್ದದ್ದನ್ನು ಹೇಳದೆ ಇರುವುದು ಸುಳ್ಳಾಗುತ್ತದೆಯೆ? ಸಾಕ್ಷ್ಯದ ಪಾಠದಲ್ಲಿ ಒಂದು ವಾಕ್ಯದ ಕೆಳಗೆ ಎರಡು ಗೆರೆ ಎಳೆದಿತ್ತು: ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು. ನಾನು ಕಂಡವನೂ ಅಲ್ಲ, ಕೇಳಿದವನೂ ಅಲ್ಲ ಎಂದುಕೊಂಡ. ಲಾರಿಯೊಂದು ಹಾರ್ನು ಹೊಡೆಯಿತು. ಅವನ ಕಾರು ಗೆರೆ ದಾಟಿತ್ತು.

ಕಂಪೆನಿ ಕ್ವಾರ್ಟರ್ಸಿನ ಮನೆ. ಗೇಟಿನ ಬಳಿ ಕಾರು ನಿಲ್ಲಿಸಿ, ಚೀಲವನ್ನು ಸೀಟಿನ ಮೇಲೆಯೇ ಬಿಟ್ಟು ಫೈಲನ್ನು ಮಾತ್ರ ಹಿಡಿದು ಇಳಿದ. ಜಾಬಿರ್ ನಮಾಜು ಮುಗಿಸಿ ಬಂದ ಬಿಳಿ ಜುಬ್ಬಾದಲ್ಲೇ ಬಾಗಿಲಿಗೆ ಬಂದು ಕೈ ಹಿಡಿದುಕೊಂಡ. ಅವನ ಹೆಂಡತಿ ಜುವೈರಿಯಾ ಅಡುಗೆಮನೆಯಿಂದಲೇ “ಅಕ್ಕನನ್ನು ಕರ್ಕೊಂಡು ಬರ್ಲಿಲ್ವಾ?” ಎಂದು ಕೇಳಿದಳು. ಜಾಬಿರನ ಉಮ್ಮ ಝೊಹರಾ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವರಂತೆ ಒತ್ತಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರದ ಸಣಕಲು ಹೆಂಗಸು. ತಲೆಯ ಮೇಲೆ ಬಿಳಿ ವೇಲು, ದಪ್ಪ ಕನ್ನಡಕ. “ಬಿಸಿಲಿಗೆ ಬಂದ್ರಿ. ನಮ್ಮಿಂದ ನಿಮಗೆ ಉಪದ್ರ,” ಎಂದರು. ಅವನು ಫೈಲನ್ನು ಅವರ ಮಡಿಲಲ್ಲಿಟ್ಟ.

ಅವರು ಒಂದೊಂದೇ ಹಾಳೆ ತಿರುಗಿಸಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸುತ್ತ, “ಚಂದ ಬರೆದಿದ್ದಾರೆ ನಿಮ್ಮ ಅಜ್ಜ,” ಎಂದರು. ಏಳೆಂಟು ಹಾಳೆ ಆದ ಮೇಲೆ ಬೆರಳು ಎಡಬದಿಗೆ ಸರಿದು ನಿಂತಿತು. ಅಲ್ಲಿ ಮೇಲಿಂದ ಕೆಳಗೆ ನೇರವಾದ ಬೂದು ನೆರಳಿನ ಗೆರೆಯಿತ್ತು. ಕಾಗದದ ಪಟ್ಟಿಯ ಅಂಚು. ಒಂದು ಹಾಳೆಯಲ್ಲಿ ಪಟ್ಟಿ ಸ್ವಲ್ಪ ಜಾರಿ, ಅದರ ಆಚೆಯಿಂದ ಎರಡು ಚುಕ್ಕೆ, ಒಂದು ಬಾಲ ಇಣುಕಿತ್ತು. ಝೊಹರಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಇದರ ಬದಿ ಎಲ್ಲಿ?”

ಜಾಬಿರ್ ತಾಯಿಯ ಮುಖವನ್ನೂ ಯಜ್ಞೇಶನ ಮುಖವನ್ನೂ ನೋಡಿದ.

“ಪುಸ್ತಕ ಇಲ್ವಾ?” ಎಂದರು ಅವರು.

ಮನೆಯಲ್ಲಿದೆ ಎಂಬ ಮಾತು ನಾಲಗೆಯ ಮೇಲೆ ತಯಾರಾಗಿ ಕೂತಿತ್ತು. “ಕಾರಲ್ಲಿ ಉಂಟು,” ಎಂದು ಕೇಳಿಸಿತು ಅವನಿಗೆ, ಅವನದೇ ದನಿಯಲ್ಲಿ.

ಹೊರಗೆ ಬಂದು ಕಾರಿನ ಬಾಗಿಲು ತೆಗೆದು ನಿಂತ. ಸ್ಟಿಯರಿಂಗ್ ಮುಟ್ಟಲಾರದಷ್ಟು ಕಾದಿತ್ತು. ಒಳಗೆ ಕೂತು ಕೀಲಿ ತಿರುಗಿಸಿದರೆ ಐದು ನಿಮಿಷದಲ್ಲಿ ಹೆದ್ದಾರಿ. ಆಮೇಲೆ ಫೋನು ಬರುತ್ತದೆ, ತೆಗೆಯದಿದ್ದರಾಯಿತು. ದೊಡ್ಡ ಊರು ದೋಹಾ, ಜಾಬಿರನನ್ನು ಮತ್ತೆ ನೋಡದೆ ವರ್ಷಗಟ್ಟಲೆ ಇರಬಹುದು. ಅಪ್ಪ ಸಾಯುವ ವಾರ ಆಸ್ಪತ್ರೆಯಲ್ಲಿ ಏನೋ ಹೇಳಲು ಬಾಯಿ ತೆರೆದು, “ಪುಸ್ತಕ ಜಾಗ್ರತೆ,” ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿದ್ದರು. ಜಾಗ್ರತೆ ಎಂದರೆ ಏನೆಂದು ಅವನು ಕೇಳಿರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು ಎಂದು ಈಗ ಅನಿಸಿತು; ಕೇಳದೆ ಇದ್ದದ್ದು ಅವರು ಹೇಳಿಬಿಡುತ್ತಾರೆಂಬ ಹೆದರಿಕೆಗೇ ಇರಬೇಕು. ಪಕ್ಕದ ಮನೆಯ ಗೇಟಿನಲ್ಲಿ ಯಾರೋ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ನೀರು ಅವನ ಚಪ್ಪಲಿಯವರೆಗೂ ಹರಿದು ಬಂತು. ಅವನು ಚೀಲ ಎತ್ತಿಕೊಂಡು ಒಳಗೆ ನಡೆದ.

ಝೊಹರಾ ಬಟ್ಟೆ ಬಿಚ್ಚಿ ಪುಸ್ತಕ ತೆರೆದವರೇ ಅಂಚನ್ನು ಓದತೊಡಗಿದರು. ಮದ್ರಸದಲ್ಲಿ ಕಲಿತ ಹಳೆಯ ಓದು; ತುಟಿಯಲ್ಲೇ ಒಂದೊಂದು ಅಕ್ಷರ ಕೂಡಿಸಿ, ಶಬ್ದವಾದ ಮೇಲೆ ಗಟ್ಟಿಯಾಗಿ. ಅರಬಿ ಅಕ್ಷರದಲ್ಲಿ ಬರೆದ, ಕರಾವಳಿಯ ಮುಸ್ಲಿಮರ ಬ್ಯಾರಿ ಮಾತು. ಕೇಳುತ್ತ ಕೇಳುತ್ತ ಜಾಬಿರ್ ಎದ್ದು ಅವರ ಬಳಿ ನೆಲದ ಮೇಲೆ ಕೂತ. ಯಜ್ಞೇಶನಿಗಾಗಿ ಅವನು ಕನ್ನಡದಲ್ಲಿ ಹೇಳುತ್ತ ಹೋದ.

“ಇವತ್ತು ಜ್ವರ ಅಂತೆ. ಕ್ಲಾಸಿಗೆ ಹೋಗಲಿಲ್ಲ. ದೇಜಪ್ಪ ರೂಮಿಗೆ ಬಂದು ಪಾಠ ಹೇಳಿದ, ನಾನು ಬರೆದೆ, ಅಂತ ಉಂಟು.” ಜಾಬಿರ್ ತಲೆಯೆತ್ತಿದ. “ನಿಮ್ಮ ಅಜ್ಜ.”

ಇನ್ನೊಂದು ಪುಟ. “ತಿರುವಲ್ಲಿಕೇಣಿ, ಅದು ಮದರಾಸಲ್ಲೇ, ಅಲ್ಲಿ ನಮ್ಮವರ ಮನೆಯಲ್ಲಿ ಮೀನು ಊಟ. ದೇಜಪ್ಪನೂ ಬಂದ. ಎರಡು ಸಲ ಅನ್ನ ಹಾಕಿಸಿಕೊಂಡ. ವಾಪಸ್ಸು ಬರುವಾಗ ಊರಲ್ಲಿ ಯಾರಿಗೂ ಹೇಳಬೇಡ ಅಂದ. ನಾನು ನಕ್ಕೆ.”

ಹೀಗೆಯೇ ಮಳೆ, ಚಪ್ಪಲಿ ಹರಿದದ್ದು, ಒಬ್ಬ ಮೇಷ್ಟ್ರು ತುಂಬ ಬೇಗ ಮಾತಾಡುವುದು. ಪ್ರತಿ ನಾಲ್ಕು ಪುಟಕ್ಕೊಮ್ಮೆ ದೇಜಪ್ಪ ಬರುತ್ತಿದ್ದ, ಯಜ್ಞೇಶ ಒಮ್ಮೆಯೂ ಕಂಡಿರದ ಒಬ್ಬ ಹುಡುಗ; ಊರಿನ ಮನೆಯ ಗೋಡೆಯ ಮೇಲಿನ ಫೋಟೋದ ರುಮಾಲಿನವನಲ್ಲ. ಯಜ್ಞೇಶನಿಗೆ ವಿಚಿತ್ರವಾದ ಸಂತೋಷವಾಯಿತು. ಅವರು ಸ್ನೇಹಿತರು. ಪುಸ್ತಕ ಅಜ್ಜನ ಕೈಗೆ ಬಂದದ್ದು ಸ್ನೇಹದಿಂದ. ಆರು ತಿಂಗಳಿಂದ ಎದೆಯಲ್ಲಿದ್ದ ಕಲ್ಲು ಸರಿದಂತಾಗಿ ಅವನು ಚಹಾದ ಲೋಟಕ್ಕೆ ಕೈಚಾಚಿದ. ಅಷ್ಟರಲ್ಲಿ ಝೊಹರಾ ಕೊನೆಯ ಪುಟಕ್ಕೆ ಬಂದಿದ್ದರು. ಅದನ್ನು ಅವರು ಎರಡು ಸಲ ಓದಿದರು. ಜಾಬಿರ್ ತಕ್ಷಣ ಹೇಳಲಿಲ್ಲ.

“ತಂದೆ ತೀರಿಕೊಂಡರು ಅಂತ ತಂತಿ ಬಂದದ್ದು. ನಾಳೆ ರೈಲಿಗೆ. ಪರೀಕ್ಷೆಗೆ ಕೂರ್ಲಿಕ್ಕಿಲ್ಲ. ಪುಸ್ತಕ ದೇಜಪ್ಪನ ಕೈಯಲ್ಲಿ ಕೊಟ್ಟು ಹೋಗ್ತೇನೆ. ಪರೀಕ್ಷೆ ಆದ ಮೇಲೆ ಮನೆಗೆ ತಂದು ಕೊಡ್ತಾನೆ.”

ಲೋಟ ಅವನ ಕೈಯಲ್ಲೇ ಉಳಿಯಿತು.

“ತಂದು ಕೊಡ್ಲಿಲ್ಲ,” ಎಂದರು ಝೊಹರಾ. ದೂರಿನ ದನಿ ಇರಲಿಲ್ಲ. “ನಮ್ಮ ಅಜ್ಜ ಆಮೇಲೆ ಓದ್ಲಿಲ್ಲ. ತಂಗಿಯಂದಿರು ನಾಲ್ಕು ಜನ. ಕೋರ್ಟಿನ ಹೊರಗೆ ಚಾಪೆ ಹಾಕಿ ಜನರಿಗೆ ಅರ್ಜಿ ಬರೆದು ಕೊಡುದು. ಕರಿ ಕೋಟು ಇತ್ತು, ಅದನ್ನೇ ಹಾಕುದು. ಲಾ ಓದಿದ್ದೇನೆ ಅಂತ ಒಂದೆರಡು ಸಲ ಹೇಳಿದ್ರಂತೆ. ಜನ ಸುಳ್ಳು ವಕೀಲ ಅಂತ ಹೆಸರಿಟ್ರು. ನಾವು ಶಾಲೆಗೆ ಹೋಗುವಾಗ ಸುಳ್ಳು ವಕೀಲನ ಮೊಮ್ಮಕ್ಕಳು. ನನ್ನ ಮದುವೆ ಮಾತಿನಲ್ಲಿ ಕೂಡ ಬಂತು ಅದು.” ಅವರು ವೇಲು ಸರಿಪಡಿಸಿಕೊಂಡರು. “ನನ್ನ ಅಣ್ಣ ಪೊಡಿಯಬ್ಬ ಅಜ್ಜನ ಒಟ್ಟಿಗೆ ಹೋಗ್ತಿದ್ದ, ಶಾಯಿ ಬಾಟ್ಲಿ ಹಿಡ್ಕೊಂಡು. ಒಂದು ದಿವಸ ಯಾರೋ ತಮಾಷೆಗೆ ನಿಮ್ಮ ಅಜ್ಜನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ್ರಂತೆ, ವಕೀಲ್ರೇ, ಈ ಮಹಮೂದ್ ನಿಮ್ಮೊಟ್ಟಿಗೆ ಓದಿದ್ದಂತೆ, ಹೌದಾ ಅಂತ. ಎಲ್ಲರೂ ಇದ್ರು. ನಮ್ಮ ಅಜ್ಜ ಎದ್ದು ನಿಂತ್ರಂತೆ. ನಿಮ್ಮ ಅಜ್ಜ ಅವರನ್ನು ನೋಡಿದ್ರು. ನೋಡಿ, ನೆನಪಿಲ್ಲ ಅಂದ್ರು.”

ಎದ್ದು ನಿಂತ ಒಬ್ಬ ಮನುಷ್ಯ ಮತ್ತೆ ಚಾಪೆಯ ಮೇಲೆ ಕೂರಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಯಜ್ಞೇಶ ಯೋಚಿಸುತ್ತಿದ್ದ. ಅಲ್ಲಿದ್ದವರೆಲ್ಲ ನೋಡುತ್ತಿರುವಾಗ. ಕೋಟಿನ ಗುಂಡಿ ಬಿಚ್ಚಿ ಕೂತಿರಬೇಕು, ಲೇಖನಿ ಎತ್ತಿಕೊಂಡಿರಬೇಕು. ನೆನಪಿಲ್ಲ ಎಂದವರು ಮನೆಗೆ ಹೋಗಿ ಕೈ ತೊಳೆದು ಊಟಕ್ಕೆ ಕೂತಿರಬೇಕು. ಪುಸ್ತಕದ ಹೊದಿಕೆಯ ಮೇಲೆ ತಮ್ಮ ಹೆಸರಿನ ಚೀಟಿಯನ್ನು ಅಂಟಿಸಿದ್ದು ಅದಕ್ಕೆ ಮೊದಲೋ ಆಮೇಲೆಯೋ. ಅವನಿಗೆ ಇದ್ದಕ್ಕಿದ್ದಂತೆ ಹೇಳಿಬಿಡಬೇಕು ಅನಿಸಿತು, ಯಾರೂ ಕೇಳಿರದಿದ್ದರೂ.

“ನನಗೆ ಗೊತ್ತಿತ್ತು ಅಮ್ಮ. ಆರು ತಿಂಗಳಾಯ್ತು. ಮಹಮೂದ್ ಅಂತ ಬರೆದದ್ದು ನೋಡಿದ್ದೆ. ಜಾಬಿರ್ ಆ ಹೆಸರು ಹೇಳುವಾಗಲೂ ಗೊತ್ತಿತ್ತು. ನಾನೇ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿದ್ದು.”

ಜಾಬಿರ್ ನೆಲವನ್ನು ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ತಪ್ಪು ಮಾಡಿದವನು ತಾನೇ ಎಂಬಂತೆ. ಬಾಗಿಲಲ್ಲಿ ನಿಂತಿದ್ದ ಜುವೈರಿಯಾ ಒಳಗೆ ಹೋದಳು. ಝೊಹರಾ ಮಾತ್ರ ಅವನನ್ನು ನೆಟ್ಟಗೆ ನೋಡಿದರು, ಹಾಳೆಯ ಅಂಚನ್ನು ನೋಡಿದ ಹಾಗೆಯೇ.

“ಪುಸ್ತಕ ಇಲ್ಲೇ ಇರ್ಲಿ,” ಎಂದ ಯಜ್ಞೇಶ. “ನಿಮ್ಮದು.”

“ನಮ್ಮದೇ,” ಎಂದರು ಅವರು. ಮುಚ್ಚಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಅಷ್ಟರಿಂದ ಮುಗಿಯಿತು ಎಂದು ಅವನು ಏಳಲು ಹೊರಟ. ಎದೆ ಹಗುರವಾಗುವುದನ್ನು ಕಾಯುತ್ತಿದ್ದ, ಆಗಲಿಲ್ಲ.

“ಕೂತ್ಕೊಳ್ಳಿ. ಪುಸ್ತಕಕ್ಕೆ ಏನುಂಟು. ಒಂದು ಮಾತು ಬೇಕಿತ್ತು, ಅಷ್ಟೇ. ನಾನು ಹೇಳಿದ್ರೆ ಊರಲ್ಲಿ ಯಾರು ಕೇಳ್ತಾರೆ? ಮೊಮ್ಮಗಳು ಹೇಳ್ತಾಳೆ ಅಂತಾರೆ. ನೀವು ಹೇಳಿ. ಜಾಬಿರ್, ಪೊಡಿಯಬ್ಬ ಮಾಮನಿಗೆ ಫೋನು ಮಾಡು.”

“ಉಮ್ಮ, ಮತ್ತೆ ನೋಡುವ. ಅಣ್ಣ ಈಗ ತಾನೆ...”

“ಮಾಡು.”

ಜಾಬಿರ್ ಮೊಬೈಲಿನಲ್ಲಿ ಊರಿನ ನಂಬರು ಒತ್ತಿದ. ಬ್ಯಾರಿಯಲ್ಲಿ ಏನೋ ವಿವರಿಸಿದ, ಜೋರಾಗಿ, ಎರಡೆರಡು ಸಲ. ಪೊಡಿಯಬ್ಬರಿಗೆ ಎಪ್ಪತ್ತೇಳು, ಕಿವಿ ಮಂದ. ಮೊಬೈಲು ಯಜ್ಞೇಶನ ಕೈಗೆ ಬಂತು. ಅತ್ತ ಸಂಜೆಯ ಮನೆಯ ಗದ್ದಲ, ಯಾರೋ ಟಿವಿಯ ದನಿ ತಗ್ಗಿಸಿದರು.

“ಯಾರು?”

“ನಾನು ಯಜ್ಞೇಶ ಅಂತ. ಕತಾರಿಂದ.”

“ಯಾರು ಅಂತ ಕೇಳಿದ್ದು. ಯಾರ ಮನೆ?”

“ದೇಜಪ್ಪ ವಕೀಲರ ಮೊಮ್ಮಗ.”

ಅತ್ತ ಟಿವಿ ಪೂರ್ತಿ ಆರಿತು. “ಹೇಳಿ,” ಎಂದಿತು ಆ ದನಿ.

“ನಿಮ್ಮ ಅಜ್ಜ ಮದರಾಸಿನಲ್ಲಿ ಲಾ ಓದಿದ್ದು ನಿಜ. ಅವರ ಪುಸ್ತಕ ನಮ್ಮ ಮನೆಯಲ್ಲಿತ್ತು.”

“ಜೋರಾಗಿ ಹೇಳಿ.”

ಅವನು ಎದ್ದು ನಿಂತ. ಜಾಬಿರ್, ಝೊಹರಾ, ಅಡುಗೆಮನೆಯ ಬಾಗಿಲಿನ ಪರದೆಯ ಆಚೆ ಜುವೈರಿಯಾ, ಎಲ್ಲರೂ ಕೇಳುವಂತೆ ಹೇಳಬೇಕಾಯಿತು. “ನಿಮ್ಮ ಅಜ್ಜ ಮಹಮೂದ್ ಲಾ ಓದಿದ್ದು ನಿಜ. ನನ್ನ ಅಜ್ಜ ಅವರ ನೋಟ್ಸು ಓದಿ ಪಾಸಾದದ್ದು. ಅವರಿಗೆ ನೆನಪಿತ್ತು.”

ಫೋನು ಕಡಿಯಿತೇನೋ ಎಂದು ಅವನು ಕಿವಿಯಿಂದ ತೆಗೆದು ನೋಡಿದ. ಕಡಿದಿರಲಿಲ್ಲ.

“ಇನ್ನೊಮ್ಮೆ ಹೇಳಿ,” ಎಂದರು ಪೊಡಿಯಬ್ಬ. “ನನಗಲ್ಲ. ನನ್ನ ಮಗನಿಗೆ ಕೊಡ್ತೇನೆ.”

ಮಗ ಬಂದ, ಹಲೋ ಎಂದ. ಯಜ್ಞೇಶ ಅದೇ ಮಾತನ್ನು ಹೇಳಿದ. ಮಗ “ಹೌದಾ” ಎಂದು ಫೋನನ್ನು ಹೆಂಡತಿಗೆ ಕೊಟ್ಟ. ಅವಳಿಗೂ ಹೇಳಿದ. ಎರಡನೇ ಸಲ ದನಿ ನಡುಗಿತ್ತು. ಮೂರನೇ ಸಲಕ್ಕೆ ನಡುಗಲಿಲ್ಲ, ಆದರೆ ಪ್ರತಿ ಸಲವೂ ‘ನನ್ನ ಅಜ್ಜ’ ಎಂಬಲ್ಲಿಗೆ ಬರುವಾಗ ಹೆಜ್ಜೆ ಹಾಕುವ ಕಡೆ ಮೆಟ್ಟಿಲು ಇಲ್ಲದಂತೆ ಆಗುತ್ತಿತ್ತು. ಮಾತಿನ ಮಧ್ಯೆ ಪೊಡಿಯಬ್ಬರು ಯಾರನ್ನೋ ಕೂಗಿ ಕರೆಯುವುದು ಕೇಳಿಸಿತು. ಬಾಗಿಲು ತೆಗೆದ ಸದ್ದು, ಅಂಗಳದಲ್ಲಿ ಚಪ್ಪಲಿಯ ಸದ್ದು.

ಮತ್ತೆ ಅವರೇ ಬಂದರು. “ಇದ್ದೀರಾ?”

“ಇದ್ದೇನೆ.”

“ನಮ್ಮ ನೆರೆಮನೆಯವರನ್ನು ಕರೆದಿದ್ದೇನೆ. ಇವರ ತಂದೆಯೇ ಆ ದಿವಸ ದಾರಿಯಲ್ಲಿ ಕೇಳಿದ್ದು. ಇವರಿಗೂ ಒಮ್ಮೆ ಹೇಳಿ. ನಿಮ್ಮ ಹೆಸರು ಹೇಳಿ, ಅಜ್ಜನ ಹೆಸರು ಹೇಳಿ, ಮತ್ತೆ ಹೇಳಿ.”

ಅತ್ತ ಯಾರೋ ಗಂಟಲು ಸರಿಮಾಡಿಕೊಂಡು, ಅಪರಿಚಿತ ದನಿಯಲ್ಲಿ, “ಹಲೋ,” ಎಂದರು. ಯಜ್ಞೇಶ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ತನ್ನ ಹೆಸರಿನಿಂದ ಮೊದಲುಮಾಡಿದ.